ಸಾಸಿವೆ ಸಿಡಿಯದ ಮನೆ

ಹಣೆಯ ಮೇಲೆ ಮೂರೆಳೆ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಮೈಯಿಂದ ಮಾತ್ರ ಹೊತ್ತು ಗೊತ್ತಿಲ್ಲದೆ ಹೊಮ್ಮುವ ಸ್ಪಿರಿಟ್ಟಿನ ಘಾಟು: ಚನ್ನವೀರಪ್ಪನವರನ್ನು ಹೀಗೆ ಒಟ್ಟಾಗಿ ಎದುರಿಸಬೇಕಾಗಿ ಬಂದ ಬಿ.ಟಿ.ಎಸ್. ಬಸ್ಸಿನ ಕಂಡಕ್ಟರುಗಳು ಒಮ್ಮೆ ಅವರ ಹಣೆ ನೋಡಿ, ಇನ್ನೊಮ್ಮೆ ಮೂಗು ಅರಳಿಸಿ, ಯಾವ ತೀರ್ಮಾನಕ್ಕೂ ಬರಲಾರದೆ ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಿದ್ದರು. ಎಪ್ಪತ್ತರ ದಶಕದ ರಾಜಾಜಿನಗರಕ್ಕೆ ವಾಸನೆಗಳು ಹೊಸದೇನಲ್ಲ. ಗಾಳಿ ಒಂದು ಕಡೆ ತಿರುಗಿದರೆ ಸೋಪ್ ಫ್ಯಾಕ್ಟರಿಯ ಗಂಧ, ಇನ್ನೊಂದು ಕಡೆ ತಿರುಗಿದರೆ ಕಾರ್ಖಾನೆಗಳ ಗ್ರೀಸು. ಆದರೆ ಹೋಟೆಲಿನ ಕಾಫಿ ಕುಡಿಯಲೂ ಹಿಂದುಮುಂದು ನೋಡುವ ರಾಣೆಬೆನ್ನೂರು ಕಡೆಯ ಈ ಆಚಾರವಂತ ಬೆಳಬೆಳಗ್ಗೆಯೇ ಹೀಗೆ ನಾರುವುದು ಬೀದಿಗೆ ಜೀರ್ಣವಾಗಿರಲಿಲ್ಲ. "ಒಳ್ಳೇ ಮನುಷ್ಯ ಪಾಪ, ಆದ್ರೆ ತಗೋತಾರೆ" ಎಂದು ನಲ್ಲಿಯ ಬಳಿ ಹೆಂಗಸರು ಆಡಿಕೊಂಡದ್ದು ಅವರ ಹೆಂಡತಿ ಶಿವಕ್ಕನ ಕಿವಿಗೆ ಬಿದ್ದು, ಆಕೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ಬಂದಿದ್ದಳು.

ನಿಜಸಂಗತಿ ಏನೆಂದರೆ, ಆ ಸ್ಪಿರಿಟ್ಟಿನ ಒಂದು ಹನಿಯನ್ನೂ ಚನ್ನವೀರಪ್ಪನವರ ನಾಲಗೆ ಕಂಡಿರಲಿಲ್ಲ; ಅಷ್ಟನ್ನೂ ಕುಡಿಯುತ್ತಿದ್ದದ್ದು ಗಿಟಾರುಗಳು. ಹಗಲು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದ ಅವರು, ಪರದೇಶದ ಯಂತ್ರಗಳು ಬಂದಿಳಿದ ಪೆಟ್ಟಿಗೆಗಳ ಪೈನ್ ಹಲಗೆಯನ್ನೂ ಹಳೆಯ ಮಂಚಗಳ ಬೀಟೆಮರವನ್ನೂ ಕೂಡಿಸಿ, ಮನೆಯ ಹಿಂದಿನ ವರಾಂಡದಲ್ಲಿ ಗಿಟಾರು ಕಟ್ಟುತ್ತಿದ್ದರು. ನುಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಎಂದೋ ಒಮ್ಮೆ ಕಂಟೋನ್ಮೆಂಟಿನ ಅಂಗಡಿಯೊಂದರ ಗಾಜಿನಾಚೆ ತೂಗುತ್ತಿದ್ದ ಗಿಟಾರನ್ನು ಕಂಡು ಅದರ ಮೈಯ ಹೊಳಪಿಗೆ ಮನಸೋತು ಬಂದವರು, ಅಷ್ಟೆ. ಕಟ್ಟುವ ಕೆಲಸ ಬೇಗ ಆಗುತ್ತಿತ್ತು. ಆಗದೇ ಉಳಿಯುತ್ತಿದ್ದದ್ದು ಮೆರುಗಿನ ಕೆಲಸ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹಳೆಯ ಪಂಚೆಯ ಚೂರಿನಲ್ಲಿ ಹತ್ತಿಯ ಉಂಡೆ ಕಟ್ಟಿ, ಅದ್ದಿ, ಹಿಂಡಿ, ಮರದ ಮೇಲೆ ಸಣ್ಣ ಸಣ್ಣ ಸುತ್ತುಗಳಲ್ಲಿ ಸವರುತ್ತ ಹೋಗುವುದು, ಒಣಗಲು ಬಿಡುವುದು, ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿ ಮತ್ತೆ ಸವರುವುದು. ಹೀಗೆ ತಿಂಗಳುಗಟ್ಟಲೆ. ಅವರ ಕರಿ ಉಣ್ಣೆ ಕೋಟಿನ ಬಲತೋಳಿನ ತುದಿ ಅರಗು ಕುಡಿದು ಕುಡಿದು ಹಲಗೆಯಷ್ಟು ಗಟ್ಟಿಯಾಗಿತ್ತು. ಬೀದಿಯಲ್ಲಿ ನಡೆಯುವಾಗಲೂ ಎರಡೂ ಕೈಗಳನ್ನು ಮೈಯಿಂದ ದೂರವಿಟ್ಟು, ಬೆರಳುಗಳನ್ನು ಅಗಲಿಸಿಕೊಂಡೇ ನಡೆಯುತ್ತಿದ್ದರು. ಏನೋ ಹಸಿಯಾದದ್ದನ್ನು ಮುಟ್ಟಿ ಬಂದವರಂತೆ, ಯಾರಿಗೂ ತಾಗದಂತೆ.

ಈ ಹೊಳಪಿನ ಆರಾಧನೆಗೆ ಮನೆಯೇ ಮಡಿಯಾಗಬೇಕಿತ್ತು. ಪಾಲಿಶ್ ಹಚ್ಚಿದ ದಿನ ಕಸ ಗುಡಿಸುವಂತಿಲ್ಲ, ಹಾಸಿಗೆ ಕೊಡವುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಒಗ್ಗರಣೆ ಹಾಕುವಂತಿಲ್ಲ, ಏಕೆಂದರೆ ಕಾದ ಎಣ್ಣೆಯ ಹೊಗೆ ಹಸಿ ಮೆರುಗಿನ ಮೇಲೆ ಕೂತರೆ ಮಬ್ಬು ಹಿಡಿಯುತ್ತದೆ. ತನ್ನ ಕೈಯ ಒಗ್ಗರಣೆಯ ಬಗ್ಗೆ ಸಣ್ಣ ಜಂಬವಿದ್ದ ಶಿವಕ್ಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ. ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನ ಅಡಿಗೆಮನೆಗೆ ಹೋಗಿ, ಅಲ್ಲಿ ಚುರ್ ಅನ್ನಿಸಿ, ಮುಚ್ಚಳ ಮುಚ್ಚಿಕೊಂಡು ಹಿಂತಿರುಗುತ್ತಿದ್ದಳು. "ಏನ್ ಶಿವಕ್ಕಾ, ಸಾರಿಗೂ ತೌರುಮನೆ ಮಾಡ್ಬಿಟ್ರಲ್ಲ" ಎಂದು ಚಿಕ್ಕಲಕ್ಷ್ಮಮ್ಮ ನಗುತ್ತಿದ್ದಳು. ಶಿವಕ್ಕನೂ ನಗುತ್ತಿದ್ದಳು, ಮನಸ್ಸಿಲ್ಲದೆ.

ಆಕೆಯ ಸಂಕಟ ಒಗ್ಗರಣೆಯದಷ್ಟೇ ಆಗಿರಲಿಲ್ಲ. ಇಷ್ಟೆಲ್ಲ ಆದ ಮೇಲೆ ಒಂದಾದರೂ ಗಿಟಾರು ಆ ಮನೆಯ ಹೊಸಿಲು ದಾಟಿತ್ತೇ? ಇಲ್ಲ. ತಂತಿಯಿಲ್ಲದ ಗಿಟಾರುಗಳು ತೊಲೆಯಿಂದ ಸಾಲಾಗಿ ತೂಗುತ್ತಿದ್ದವು. ತಂತಿ ಯಾವಾಗ ಎಂದು ಕೇಳಿದರೆ ಸಿದ್ಧವಾದ ಉತ್ತರವೊಂದಿತ್ತು: "ಇನ್ನೂ ಒಣಗಿಲ್ಲ. ಒಣಗದ ಮೈಗೆ ತಂತಿ ಬಿಗಿಯೋದು ಬಾಣಂತೀನ ಬಾವಿಗೆ ಕಳಿಸಿದ ಹಾಗೆ." ಬರುಬರುತ್ತ ಇದು ಲೋಕವ್ಯವಹಾರಕ್ಕೆಲ್ಲ ಅವರ ಉತ್ತರವಾಯಿತು. ಮುಷ್ಕರಕ್ಕೆ ಸಹಿ ಹಾಕಿ ಎಂದು ಸಂಘದವರು ಬಂದರೂ "ಒಣಗಲಿ, ನೋಡೋಣ". ಸೈಟಿಗೆ ಅರ್ಜಿ ಹಾಕೋಣ ಎಂದು ಹೆಂಡತಿ ಅಂದರೂ "ಒಣಗಲಿ". ಬೀದಿಯವರು ಒಂದೇ ಒಂದು ಸಲ ಈ ಮನೆಯ ಗಿಟಾರಿನ ದನಿ ಕೇಳಿದರೆ ಸಾಕು, ಸ್ಪಿರಿಟ್ಟು ಎಲ್ಲಿಗೆ ಹೋಗುತ್ತದೆಂದು ಅವರಿಗೆ ತಿಳಿಯುತ್ತದೆ, ಗಂಡನ ಮೇಲಿನ ಆ ಮಾತು ತೊಳೆದುಹೋಗುತ್ತದೆ ಎಂಬುದೊಂದೇ ಶಿವಕ್ಕನ ಆಸೆಯಾಗಿತ್ತು.

ಆ ಅವಕಾಶ ಬಂದದ್ದು ಸಾರಿನ ದಾರಿಯಲ್ಲೇ. ಚಿಕ್ಕಲಕ್ಷ್ಮಮ್ಮನ ಅಣ್ಣನ ಮಗ, ಹೆಗ್ಗನಹಳ್ಳಿಯ ಮುನಿರಾಜು, ಹೊಲಮನೆ ನೋಡಿಕೊಳ್ಳುತ್ತಲೇ ಗೆಳೆಯರ ಜೊತೆ ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದ. ರಾಜ್ಯಕ್ಕೆ ಹೊಸ ಹೆಸರು ಬಂದ ಮರುವರ್ಷದ ರಾಜ್ಯೋತ್ಸವಕ್ಕೆ ರಾಜಾಜಿನಗರದ ಮೈದಾನದಲ್ಲಿ ಅವರದೇ ಕಾರ್ಯಕ್ರಮ. ಇದ್ದೊಂದು ಗಿಟಾರಿನ ಕತ್ತು ಆಗ ಮುರಿದುಕೊಂಡಿತ್ತು. ಅತ್ತೆ ಕಳಿಸಿಕೊಟ್ಟ ಹುಡುಗ ತೊಲೆಯ ಕೆಳಗೆ ಬಾಯಿ ತೆರೆದು ನಿಂತ. "ಸಾರ್, ಇದೆಲ್ಲ ನೀವೇ ಮಾಡಿದ್ದಾ?" ಎಂದ. ಚನ್ನವೀರಪ್ಪನವರಿಗೆ ಅದೊಂದು ಮಾತು ಸಾಕಾಯಿತು. ಒಣಗುತ್ತಿದ್ದ ಗಿಟಾರುಗಳನ್ನು ಮುಟ್ಟಲು ಮನಸ್ಸಾಗದೆ, ಬೆನ್ನಿನ ಬೀಟೆ ಇನ್ನೂ ಮೆರುಗು ಕಾಣದಿದ್ದ ಒಂದನ್ನು ಇಳಿಸಿ, ಇದನ್ನೇ ಕೊಡುತ್ತೇನೆ ಎಂದುಬಿಟ್ಟರು.

ಆದರೆ ಆ ವರ್ಷ ಮಳೆ ಬಿಡಲೇ ಇಲ್ಲ. ಥಂಡಿಗೆ ಮೆರುಗು ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತಿತ್ತು. ಬೀಟೆಯ ಸಣ್ಣ ರಂಧ್ರಗಳನ್ನು ಮೊದಲು ತುಂಬಬೇಕಾದ ನೊರೆಗಲ್ಲಿನ ಪುಡಿ ಪೇಟೆಯಲ್ಲಿ ಸಿಕ್ಕಲಿಲ್ಲ. ಒಂದು ಬೆಳಗ್ಗೆ ಪೂಜೆ ಮುಗಿಸಿ ಎದ್ದ ಚನ್ನವೀರಪ್ಪನವರು ಕೈಯಲ್ಲಿದ್ದ ವಿಭೂತಿಗಟ್ಟಿಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತ ನಿಂತರು. ಅಷ್ಟು ನುಣುಪಾದ ಪುಡಿ ಇನ್ನಾವುದಿದೆ? ಶಿವಕ್ಕ ಓಡಿ ಬಂದಳು. "ರೀ, ದೇವರ ವಿಭೂತಿ ಕಣ್ರೀ ಅದು!" ಎಂದಳು. "ಮೈಗೆ ಹಚ್ಚೋದಕ್ಕೇ ಅಲ್ವಾ ಇರೋದು" ಎಂದು ಅವರು ಅದನ್ನು ಅರೆದು, ಅರಗಿನ ಜೊತೆ ಸೇರಿಸಿ, ಬೀಟೆಯ ಬೆನ್ನಿಗೂ ಪಕ್ಕೆಗಳಿಗೂ ತಿಕ್ಕಿದರು. ರಂಧ್ರಗಳು ಮಾಯವಾದವು. ಮೇಲೆ ಹಚ್ಚಿದ ಮೆರುಗಿನಲ್ಲಿ ತಮ್ಮ ಮುಖ ಕಂಡು ಅವರು ಹಿಗ್ಗಿದರು.

ಕಾರ್ಯಕ್ರಮದ ದಿನ ಮಧ್ಯಾಹ್ನ ಮುನಿರಾಜು ಬಂದ. "ಕೊಡಿ ಸಾರ್, ಸಾಯಂಕಾಲ ಪ್ರೋಗ್ರಾಮು."

"ಒಣಗಿಲ್ಲಪ್ಪ."

"ಮುಟ್ಟಿದ್ರೆ ಅಂಟ್ತಾ ಇಲ್ವಲ್ಲ ಸಾರ್?"

"ಮೇಲೆ ಒಣಗಿದೆ. ಒಳಗೆ ಒಣಗಿಲ್ಲ."

ಹುಡುಗ ಅಳುವುದೊಂದು ಬಾಕಿ. ಆಗ ಅಡಿಗೆಮನೆಯಿಂದ ಸೀಮೆಎಣ್ಣೆ ಸ್ಟವ್ ಭರ್ರೆಂದು ಹೊತ್ತಿಕೊಂಡ ಸದ್ದು ಕೇಳಿಸಿತು. ಚನ್ನವೀರಪ್ಪನವರು ಗಾಬರಿಯಿಂದ ಒಳಗೆ ಓಡಿದರು. ಶಿವಕ್ಕ ಬಾಣಲೆಯಲ್ಲಿ ಎಣ್ಣೆ ಕಾಯಿಸುತ್ತಿದ್ದಳು, ಬಲಮುಷ್ಟಿಯಲ್ಲಿ ಸಾಸಿವೆ.

"ಏನ್ ಮಾಡ್ತಾ ಇದೀಯೇ?"

"ಇವತ್ತು ಗಿಟಾರು ಹೊರಗೆ ಹೋಗ್ಬೇಕು, ಇಲ್ಲಾ ಈ ಸಾಸಿವೆ ಎಣ್ಣೆಗೆ ಬೀಳ್ಬೇಕು. ಎರಡರಲ್ಲಿ ಒಂದು ಹೇಳಿಬಿಡಿ" ಎಂದಳು ಶಿವಕ್ಕ. ಮುಷ್ಟಿ ಬಾಣಲೆಯ ಮೇಲಕ್ಕೇ ಚಾಚಿತ್ತು. "ಜನ ನಿಮ್ಮನ್ನ ಕುಡುಕ ಅಂತಾರೆ. ನನಗೆ ಕೇಳಿ ಕೇಳಿ ಸಾಕಾಗಿದೆ."

ಎಣ್ಣೆ ಹೊಗೆಯಾಡುವ ಹಂತಕ್ಕೆ ಬಂದಿತ್ತು. ಚನ್ನವೀರಪ್ಪನವರು ಹೆಂಡತಿಯ ಮುಖ ನೋಡಿದರು. ಆ ಮಾತು ಅವರಿಗೆ ತಿಳಿದಿರಲೇ ಇಲ್ಲವೆಂದು ಕಾಣುತ್ತದೆ. ಬಗ್ಗಿ ಸ್ಟವ್ ಆರಿಸಿ, ಹೊರಗೆ ಹೋಗಿ ತಂತಿ ಕಟ್ಟಲು ಕೂತರು.

ಸಂಜೆ ಮಳೆ ನಿಂತು ಹೊಳವಾಗಿತ್ತು. ಶಾಮಿಯಾನದ ದೀಪಗಳ ಕೆಳಗೆ ಆ ಗಿಟಾರು ಹೊಳೆದ ರೀತಿಗೆ ಮುಂದಿನ ಸಾಲಿನವರು ಕತ್ತು ಚಾಚಿದರು. ಮುನಿರಾಜು ಮೊದಲ ಸಲ ತಂತಿ ಮೀಟಿದಾಗ ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. ಹಾಡು ಮುಗಿದ ಮೇಲೆ ಅವನು ಮೈಕಿನಲ್ಲಿ, "ಇದು ನಮ್ಮ ರಾಜಾಜಿನಗರದ ಚನ್ನವೀರಪ್ಪ ಸಾರ್ ಕೈಯಾರೆ ಮಾಡಿದ ಗಿಟಾರು" ಎಂದ. ನಲ್ಲಿಯ ಬಳಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು; ಅಷ್ಟು ಸಂತೋಷ ಆಕೆಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ಪಕ್ಕದಲ್ಲಿದ್ದ ಚನ್ನವೀರಪ್ಪನವರು ಮಾತ್ರ ಹಾಡನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಆ ಹುಡುಗನ ಕೈ ಬೆವರ್ತಾ ಇದೆ, ಮೆರುಗು ಹೋಗುತ್ತೆ" ಎಂದು ಕೊನೆಯವರೆಗೂ ಗೊಣಗುತ್ತಿದ್ದರು.

ಮರುವರ್ಷದ ರಾಜ್ಯೋತ್ಸವವೂ ಕಳೆದ ಮೇಲೆ, ತಂತಿ ಬಿಗಿಯುವ ಬಿರಡೆಯೊಂದು ಸಡಿಲವಾಯಿತೆಂದು ಮುನಿರಾಜು ಗಿಟಾರನ್ನು ತಂದ. ಅದನ್ನು ತಿರುಗಿಸಿ ನೋಡಿದ ಚನ್ನವೀರಪ್ಪನವರ ಮುಖ ಕಪ್ಪಿಟ್ಟಿತು. ಬೀಟೆಯ ಒಂದೊಂದು ರಂಧ್ರದಿಂದಲೂ ವಿಭೂತಿ ಬೆಳ್ಳಗೆ ಎದ್ದು, ಬೆನ್ನಿನ ತುಂಬ ಎಳೆ ಎಳೆಯಾಗಿ ಮೂಡಿತ್ತು.

"ಹೋದ ಬೇಸಿಗೇಲೇ ಬಂತು ಸಾರ್. ನಮ್ಮಜ್ಜಿ ದಿನಾ ಇದಕ್ಕೆ ಕೈ ಮುಗೀತಾರೆ" ಎಂದ ಮುನಿರಾಜು.

"ತಪ್ಪು ನಂದೇ ಕಣಪ್ಪ. ಇಲ್ಲೇ ಬಿಟ್ಟುಹೋಗು, ಎಲ್ಲಾ ಕೆರೆದು ಹೊಸದಾಗಿ ಹಚ್ಚಿ ಕೊಡ್ತೀನಿ."

ಮುನಿರಾಜು ಗಿಟಾರನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. "ಬ್ಯಾಡಿ ಸಾರ್. ಬಿಟ್ಟುಹೋದ್ರೆ ಇದು ನನ್ನ ಕಾಲದಲ್ಲಿ ಒಣಗಲ್ಲ."

ಅಡಿಗೆಮನೆಯ ಬಾಗಿಲಲ್ಲಿ ಶಿವಕ್ಕ ಬಂದು ನಿಂತಿದ್ದಳು. ಆ ಗಿಟಾರು ಮತ್ತೆ ತೊಲೆಗೆ ಏರಿದರೆ ಇಳಿಯುವುದಿಲ್ಲವೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಚನ್ನವೀರಪ್ಪನವರ ಕಣ್ಣು ಅಷ್ಟರಲ್ಲಿ ಬೇರೊಂದು ಕಡೆ ನಿಂತಿತ್ತು. ಮುನಿರಾಜುವಿನ ಬಲಗೈ ಊರುವ ಜಾಗದಲ್ಲಿ, ಗಿಟಾರಿನ ಅಂಚಿನಲ್ಲಿ, ಮೆರುಗು ಪೂರ್ತಿ ಸವೆದು ಬರಿ ಮರ ಕಾಣುತ್ತಿತ್ತು; ಬೆವರು ಕುಡಿದು, ಉಜ್ಜಿ ಉಜ್ಜಿ, ಹಳೆಯ ಹೊಸಿಲಿನಂತೆ ನಯವಾಗಿತ್ತು. ಅವರು ಅದರ ಮೇಲೆ ಬೆರಳಿಟ್ಟರು. ಯಾರಿಗೂ ಯಾವುದಕ್ಕೂ ತಾಗದೆ ನಡೆಯುತ್ತಿದ್ದ ಆ ಅಗಲಿಸಿದ ಬೆರಳುಗಳೆಲ್ಲ ಒಟ್ಟಾಗಿ ಅಲ್ಲಿ ಕೂತವು.

"ದಿನಾ ನುಡಿಸ್ತೀಯಾ?"

"ದಿನಾ ಸಾರ್. ಹೊಲದ ಕಡೆ ಹೋದ್ರೂ ಜೊತೇಲೇ ಇರುತ್ತೆ."

ಅವರು ಆ ಸವೆದ ಅಂಚನ್ನು ಇನ್ನೊಮ್ಮೆ ಸವರಿದರು. ಆಮೇಲೆ ತಿರುಗದೆಯೇ ಕರೆದರು: "ಏ ಇವಳೇ, ಬಾ ಇಲ್ಲಿ. ಇದು ಒಣಗಿದೆ ನೋಡು."

ಶಿವಕ್ಕ ಬಂದು ನೋಡಿದಳು. ಒಳಗೆ ಹೋಗಿ ಸ್ಟವ್ ಹಚ್ಚಿದಳು. ತೊಲೆಯಿಂದ ತೂಗುವ ಗಿಟಾರುಗಳಿಗೂ ಕೇಳುವಂತೆ ಚಟಪಟನೆ ಸಾಸಿವೆ ಸಿಡಿಯಿತು. ಬಿರಡೆ ಬಿಗಿಯುತ್ತಿದ್ದ ಚನ್ನವೀರಪ್ಪನವರು ತಲೆಯೆತ್ತಲಿಲ್ಲ.

ಪರಿಪೂರ್ಣತೆಯ ಹಟಕ್ಕೆ ಬಿದ್ದ ಇಂಥ ಮಹನೀಯರು ಎಲ್ಲ ಬೀದಿಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಲೋಕದ ಅವಸರಕ್ಕೆ ಬಗ್ಗದ ಅವರಿಂದಲೇ ಲೋಕದಲ್ಲಿ ಅಷ್ಟಿಷ್ಟು ಹೊಳಪು ಉಳಿದಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಮ್ಮ ಕೆಲಸ ಮುಗಿಯಿತೆಂದು ತಾವಾಗಿ ಹೇಳುವ ಶಕ್ತಿಯನ್ನು ಮಾತ್ರ ಅವರಿಗೆ ದೇವರು ಕೊಟ್ಟಿರುವುದಿಲ್ಲ. ಅದಕ್ಕೆ ಹೊರಗಿನಿಂದ ಒಬ್ಬ ಬಂದು ಅವರು ಮಾಡಿದ್ದನ್ನು ಇಸಿದುಕೊಂಡು ಹೋಗಿ ಪ್ರೀತಿಯಿಂದ ಸವೆಸಬೇಕು; ಮನೆಯೊಳಗೆ ಒಬ್ಬಳು ಮುಷ್ಟಿಯಲ್ಲಿ ಸಾಸಿವೆ ಹಿಡಿದು ನಿಂತಿರಬೇಕು.