ಪಡುವಣ ಗೋಡೆಯ ಮಾವು

ಉದಯ ಎರಡು ಏಟು ಹಾಕಿಯೇಬಿಟ್ಟಿದ್ದ. ಅಂಗೈಯಗಲದ ಚಕ್ಕೆ ಹಾರಿ ನೆಲಕ್ಕೆ ಬಿದ್ದಿತ್ತು. ಮೂರನೆಯದಕ್ಕೆ ಕೊಡಲಿ ಎತ್ತುವಷ್ಟರಲ್ಲಿ ಬೊಮ್ಮಿ ಗಂಡನ ಹೆಣದ ಬದಿಯಿಂದ ಎದ್ದು ಬಂದು, ಮಾವಿನ ಮರಕ್ಕೆ ಬೆನ್ನು ಕೊಟ್ಟು ನಿಂತಳು.

“ಬ್ಯಾಡ ಮಗಾ.”

“ಆಯಿ, ಅಪ್ಪನ್ನ ಸುಡೂಕೆ ಮಾವು ಬೇಕಲ್ಲ. ಎಂತ ಮಾಡೂದು ಹೇಳು.”

ಹಾರವಾಡದ ಆ ಕಾಲೊನಿಯಲ್ಲಿ ಯಾರು ಸತ್ತರೂ ಒಣ ಸೌದೆಯ ಜೊತೆ ಚಿತೆಗೆ ಹಸಿ ಮಾವು ಬೀಳಲೇಬೇಕು. ಸತ್ತವನು ನೆಟ್ಟ ಮರವಿದ್ದರೆ ಅದೇ ಆಗಬೇಕು. ಬೊಮ್ಮಿಗೆ ಇದು ಗೊತ್ತಿಲ್ಲದ್ದೇನಲ್ಲ. ಗಂಡನಿಗೆ ಒಂದು ಮರ ಕೊಡಲಿಕ್ಕೂ ಇವಳಿಗೆ ಮನಸ್ಸು ಬರಲಿಲ್ಲ ಅಂತ ನಾಳೆ ಬಾವಿಕಟ್ಟೆಯಲ್ಲಿ ಮಾತಾಗುತ್ತದೆ. ಆಗಲಿ. ಮರವೂ ಹೋದರೆ ಹೊನ್ನ ಇನ್ನೊಮ್ಮೆ ಸತ್ತ ಹಾಗೆ, ಅಷ್ಟೇ ಅವಳಿಗೆ ತಿಳಿದದ್ದು.

*

ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಇಲ್ಲಿಗೆ ಬಂದ ಮೊದಲ ಬೇಸಿಗೆ. ಸ್ಲ್ಯಾಬಿನ ಮನೆ, ಸುತ್ತ ಒಂದು ಗಿಡವಿಲ್ಲ. ಮಧ್ಯಾಹ್ನ ಕಳೆದರೆ ಪಡುವಣ ಗೋಡೆ ಕಾದ ಕಾವಲಿ. ಎರಡು ಫ್ಯಾನು ತಿರುಗಿದರೂ ಬಿಸಿಗಾಳಿಯೇ, ಮೇಲಿಂದ ಕರೆಂಟ್ ಬಿಲ್ಲು ಬೇರೆ.

ಗಾರೆ ಕೆಲಸದ ಹೊನ್ನ, ಬಿಸಿಲು ಎಷ್ಟೊತ್ತಿಗೆ ಎಲ್ಲಿಗೆ ಬೀಳುತ್ತದೆಂದು ನಾಲ್ಕು ದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಸ್ಲ್ಯಾಬಿಗೆ ಸುಣ್ಣ ಬಳಿದ. ಹಳೇ ಊರಿಂದ ಡಬ್ಬಿಗಳಲ್ಲಿ ತಂದಿದ್ದ ಮಾವಿನ ಸಸಿಗಳಲ್ಲಿ ಒಂದನ್ನು ಗೋಡೆಯಿಂದ ಎಂಟು ಹೆಜ್ಜೆ ಬಿಟ್ಟು ನೆಟ್ಟ.

“ಹಣ್ಣು ತಿನ್ನೂಕಾ, ಹೊನ್ನಣ್ಣ?” ಎಂದು ಎದುರುಮನೆಯ ವೈಜಯಂತಿ ಕಿಚಾಯಿಸಿದಳು.

“ನೆರಳು ತಿನ್ನೂಕೆ.”

ಉಳಿದ ಸಸಿಗಳನ್ನು ಕರೆಯದಿದ್ದರೂ ಮನೆಮನೆಗೆ ಹೊತ್ತುಕೊಂಡು ಹೋದ. ಬೇರು ಗೋಡೆ ಸೀಳ್ತದೆ ಎಂದು ಜಗಳ ತೆಗೆದವನು ಹುಲಿಯಾ ಒಬ್ಬನೇ. ಸೀಳೂದಿಲ್ಲ ಅಂತ ಹೊನ್ನ ಎಷ್ಟು ಹೇಳಿದರೂ ಒಪ್ಪಲಿಲ್ಲ. ಅವನು ಕಾರವಾರಕ್ಕೆ ಹೋದ ದಿನ ನೋಡಿ ಅವನ ಹಿತ್ತಲಲ್ಲೂ ಒಂದು ನೆಟ್ಟುಬಂದ, ಪುಣ್ಯಾತ್ಮ.

ಹತ್ತು ವರ್ಷ ಕಳೆದು ಮರ ಗೋಡೆಗೆ ನೆರಳಾದ ಮೇಲೆ, ಕರೆಂಟ್ ಮೀಟರ್ ನೋಡಲು ಬಂದವನು ಅದಕ್ಕೆ ಮೂರು ಸಲ ಬಡಿದ. “ಇದು ನಿಂತುಹೋಗಿದ್ಯಾ ಹೆಂಗೆ? ಏನೂ ಓಡೇ ಇಲ್ಲ.”

ಹೊನ್ನ ಜಗಳವಾಡಲಿಲ್ಲ. ನೀರು, ಬೆಲ್ಲ ಕೊಟ್ಟು ಒಳಗೆ ಕೂರಿಸಿದ. ಫ್ಯಾನು ಹಾಕದ ಕೋಣೆಯಲ್ಲಿ ಆ ಮನುಷ್ಯ ಗೋಡೆಗೊರಗಿ ಒಳ್ಳೇ ಗೊರಕೆ ಹೊಡೆದ. ಬೊಮ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

*

“ಬೊಮ್ಮಿ, ಹೊತ್ತಾಯ್ತು,” ಅಂದ ಹುಲಿಯಾ. ಈಗ ಕಾಲೊನಿಯ ಹಿರಿಯ ಅವನೇ, ಇಂಥ ಕೆಲಸಕ್ಕೆಲ್ಲ ಅವನೇ ಮುಂದೆ. “ತಾನು ನೆಟ್ಟ ಮರದಲ್ಲೇ ಹೋಗ್ಬೇಕು ಅಂವ. ಅದು ಪದ್ಧತಿ. ನಾ ಮಾಡಿದ್ದಲ್ಲ.”

ಬೊಮ್ಮಿ ಮರದಿಂದ ಬೆನ್ನು ತೆಗೆಯಲಿಲ್ಲ. ವೈಜಯಂತಿ ಎದ್ದು ನಿಂತಳು.

“ಅಂವ ನೆಟ್ಟದ್ದು ಇದೊಂದೇ ಮರ ಅಲ್ಲ, ಹುಲಿಯಣ್ಣ. ನಮ್ಮನೆ ಗೋಡೆ ಬದಿಗೆ ಇರೂದು ಯಾರು ನೆಟ್ಟದ್ದು? ನಿಮ್ಮನೇದು?”

ಹುಲಿಯಾ ಹೊನ್ನನ ಮುಖ ನೋಡಿದ, ಸ್ವಲ್ಪ ಹೊತ್ತು ನೋಡಿದ. ಆಮೇಲೆ ಉದಯನ ಕೈಯಿಂದ ಕೊಡಲಿ ತೆಗೆದುಕೊಂಡ.

“ಅಂವ ಹೇಳಿದ್ದು ಖರೆ. ನನ್ನ ಗೋಡೆ ಸೀಳ್ಲಿಲ್ಲ,” ಎಂದು ತನ್ನ ಹಿತ್ತಲಿಗೆ ನಡೆದ. ಅವನ ಕಣ್ಣು ಒದ್ದೆಯಾಗಿತ್ತು.

ಅರ್ಧ ಗಂಟೆಯಲ್ಲಿ ಒಬ್ಬೊಬ್ಬರೇ ಬಂದರು. ಮನೆಗೊಂದು ಕೊಂಬೆ. ವೈಜಯಂತಿ ತನ್ನದನ್ನು ತಾನೇ ಎಳೆದು ತಂದಳು. ಹಸಿ ಮಾವಿನ ವಾಸನೆ ಅಂಗಳ ತುಂಬಿತು. ಇಷ್ಟೊಂದು ಜನ ತನ್ನ ಗಂಡನನ್ನು ನೆನೆಯುತ್ತಾರೆಂದು ಬೊಮ್ಮಿ ಅಂದುಕೊಂಡಿರಲಿಲ್ಲ. ಬೆಳಗಿನಿಂದ ಬಾರದ ಅಳು ಆಗ ಬಂತು.

ಚಟ್ಟ ಎತ್ತುವ ಮೊದಲು ಅವಳು ಬುಡದಲ್ಲಿ ಬಿದ್ದಿದ್ದ ಚಕ್ಕೆ ಆರಿಸಿ ಹೊನ್ನನ ಎದೆಯ ಮೇಲಿಟ್ಟಳು.

“ಇದು ನಮ್ಮನೇದು,” ಎಂದಳು.

ಗಂಡಸರು ಹೋದ ಮೇಲೆ ಸಗಣಿ, ಮಣ್ಣು ಕಲಸಿ ಮರದ ಗಾಯಕ್ಕೆ ಮೆತ್ತಿದಳು. ಆಗ ನಾಲ್ಕು ಗಂಟೆ, ಬೇಸಿಗೆಯ ಬಿಸಿಲು. ಸಾಲುಮನೆಗಳ ಉದ್ದಕ್ಕೂ ಪ್ರತಿ ಮಾವಿನಲ್ಲೂ ಹೊಸದಾಗಿ ಕಡಿದ ಒಂದೊಂದು ಗುರುತು, ಅದರಿಂದ ಇಳಿಯುವ ಸೊನೆ. ಬೊಮ್ಮಿ ಪಡುವಣ ಗೋಡೆಗೆ ಒರಗಿ ಕೂತಳು. ಗೋಡೆ ತಣ್ಣಗಿತ್ತು.