ಐದೂವರೆ ಅಡಿ

"ತಾಮ್ರ ಎಲ್ಲಿ ಮಾರ್ದೆ, ಬೊಗಳ್ಲಾ ಬೋಳಿಮಗನೆ!"

ಎಸ್ಸೈ ಸಾಹೇಬರ ಬೂಟು ಅಂಕಯ್ಯನ ಮಂಡಿಗೆ ತಾಗಿತು. ಜೋರಾಗೇನೂ ಅಲ್ಲ, ದಾರಿಯಲ್ಲಿ ಬಿದ್ದ ತೆಂಗಿನ ಚಿಪ್ಪನ್ನು ಪಕ್ಕಕ್ಕೆ ತಳ್ಳುವ ಹಾಗೆ. ಬೆಳಗಿನಿಂದ ಠಾಣೆಯಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅಂಕಯ್ಯನಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳುವ ತ್ರಾಣವೂ ಇರಲಿಲ್ಲ.

"ಆ ಕೇಬಲ್ಲೊಳ್ಗೆ ತಾಮ್ರ ಇರಾಕಿಲ್ಲ ಸಾಮಿ. ಗಾಜಿರ್ತದೆ."

"ಏನಂದೆ?"

"ಗಾಜು ಸಾಮಿ. ತಲೆಕೂದ್ಲಂಗೆ ಸಣ್ಣುಕ್ಕಿರ್ತದೆ. ಅದ್ರೊಳ್ಗೆ ಬೆಳಕು ಓಯ್ತದೆ."

ಸಾಹೇಬರು ಪೇದೆಯ ಮುಖ ನೋಡಿದರು. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಕೆನ್ನೆಗೆ ಬಿತ್ತು ನೋಡಿ ಒಂದು, ಕಿವಿ ಗುಂಯ್ ಅಂತು.

"ಗಾಜೊಳಗೆ ಫೋನ್ ಮಾತಾಡ್ತಾರೇನ್ಲಾ? ನನಗೇ ಪಾಠ ಹೇಳ್ತೀಯ? ಹೋದ ಸ್ಟೇಷನ್ನಲ್ಲಿ ನಿನ್ನಂಥೋರನ್ನ ಎಷ್ಟು ಜನಾನ ಒಳಗೆ ಹಾಕಿದೀನಿ ಗೊತ್ತಾ? ಮೇಲಿನ ರಬ್ಬರು ಸುಟ್ಟು ತಾಮ್ರ ಮಾರೋ ಜಾತಿ ಕಣೋ ನಿಮ್ದು."

ಸಾಹೇಬರು ಕಂಡಿದ್ದು ಹಳೇ ಕಾಲದ ಟೆಲಿಫೋನ್ ತಂತಿ. ಇದು ಅದಲ್ಲ ಅಂತ ಹೇಳಬೇಕಾಗಿದ್ದವನು ಕಂಟ್ರಾಕ್ಟರ್ ನರೇಂದ್ರ. ಬೈರಮಂಗಲದಿಂದ ಬಿಡದಿಯ ಫ್ಯಾಕ್ಟರಿಗಳವರೆಗೆ ಕೇಬಲ್ ಹೂಳುವ ಕೆಲಸ ಹಿಡಿದವನು ಅವನೇ. ಅಲ್ಲೇ ಎದುರಿಗೆ ಕುರ್ಚಿಯಲ್ಲಿ ಕೂತಿದ್ದ. ಟೀ ಊದಿಕೊಂಡು ಕುಡಿಯುತ್ತಿದ್ದನೇ ಹೊರತು ಒಂದು ಮಾತು ಆಡಲಿಲ್ಲ ಪುಣ್ಯಾತ್ಮ.

ಮೇಜಿನ ಮೇಲೆ ಮಾರುದ್ದದ ಒಂದು ಕಪ್ಪು ಕೇಬಲ್ ತುಂಡು ಬಿದ್ದಿತ್ತು. ಅಂಕಯ್ಯನ ಚೀಲದಲ್ಲಿ ಸಿಕ್ಕಿದ್ದು. ಸಿಕ್ಕಿದ್ದೇನೂ ಸುಳ್ಳಲ್ಲ. ಜೋಡಣೆ ಮಾಡುವಾಗ ಉಳಿದ ಇಂಥ ತುಂಡುಗಳನ್ನು ಕೂಲಿಯವರೆಲ್ಲ ಮನೆಗೆ ಒಯ್ಯುತ್ತಿದ್ದರು. ಗಾಜಿನ ಎಳೆಗಳ ಸುತ್ತ ಹಳದಿ ದಾರ ಇರುತ್ತದೆ, ಇಬ್ಬರು ಹಿಡಿದು ಜಗ್ಗಿದರೂ ಹರಿಯುವುದಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ಸಡಿಲಾದರೆ ಬಿಗಿಯುವುದಕ್ಕೆ ಅಂಥ ದಾರ ಇನ್ನೊಂದಿಲ್ಲ. ಹೆಂಡತಿ ಮಾರಮ್ಮ ಕೇಳಿದ್ದಳು, ಅಂಕಯ್ಯ ತಂದಿದ್ದ. ಕಸ ಅಂತ ತಂದದ್ದು ಈಗ ಕಳವಿನ ಮಾಲಾಗಿ ಕೂತಿತ್ತು.

ಸಂಜೆ ನಾಲ್ಕಕ್ಕೆ ನರೇಂದ್ರನೇ ಅವನನ್ನು ಬಿಡಿಸಿಕೊಂಡು ಹೊರಗೆ ಬಂದ. ಹೆಗಲ ಮೇಲೆ ಕೈ ಹಾಕಲು ಹೋದವನು ಅಂಗಿ ನೋಡಿ ಕೈಯನ್ನು ಜೇಬಿಗೆ ಇಳಿಸಿದ.

"ನೋಡು ಅಂಕಯ್ಯ, ನಾಳೆ ಕಂಪ್ನಿಯಿಂದ ಇಂಜಿನಿಯರ್ ಮೇಡಂ ಬತ್ತವ್ರೆ. ಫ್ಯಾಕ್ಟರಿಗಳ ಲೈನು ಒಂದಿನ ಪೂರ್ತಿ ಸತ್ತೋಗಿತ್ತು. ಅವ್ರಿಗೆ ಯಾರಾದ್ರೂ ಒಬ್ಬ ಬೇಕು. ತಾಮ್ರ ಸಿಕ್ತದೆ ಅಂತ ಕೊಯ್ದೆ, ತಪ್ಪಾಯ್ತು ಅಂತ ಅವ್ರ ಮುಂದೆ ಹೇಳಿ ಸೈನ್ ಹಾಕ್ಬುಡು. ನಾಕು ದಿನ ಒಳಗಿರ್ತೀಯ, ನಿಮ್ಮೋರಿಗೆ ಇದೇನು ಹೊಸದಾ? ಇಲ್ಲಾಂದ್ರೆ ನಿಮ್ ಕಾಲನಿಯ ಒಬ್ನಿಗೂ ನನ್ ಹತ್ರ ಕೆಲ್ಸ ಇಲ್ಲ."

"ಕೊಯ್ದೋನು ನಾನಲ್ಲ ಅಂತ ನಿಮ್ಗೇ ಗೊತ್ತಲ್ಲ ಸಾರ್."

"ಗೊತ್ತಿರೋದ್ಕೇ ಬಿಡಿಸ್ಕೊಂಬಂದೆ ಕಣ್ಲಾ. ಇಲ್ದಿದ್ರೆ ಅಲ್ಲೇ ಕೊಳೀತಿದ್ದೆ."

ಕೇಬಲ್ ಕಡಿದದ್ದು ಯಾರು ಅಂತ ಊರಿಗೆಲ್ಲ ಗೊತ್ತು. ಊರಿನ ದೊಡ್ಡ ಜಮೀನುದಾರ ಮರಿಯಪ್ಪನವರು ತೋಟಕ್ಕೆ ಬೇಲಿ ಹಾಕಿಸುವಾಗ ರಸ್ತೆ ಪಕ್ಕದ ಸರ್ಕಾರಿ ಜಾಗವನ್ನೂ ಒಸಿ ಒಳಗೆ ಸೇರಿಸಿಕೊಂಡು, ಕಲ್ಲುಕಂಬ ನೆಡಲು ಎರಡಡಿ ಗುಣಿ ತೋಡಿಸಿದ್ದರು. ಹಾರೆ ಬಿದ್ದ ಏಟಿಗೆ ಪೈಪು, ಪೈಪಿನೊಳಗಿನ ಕೇಬಲ್ಲು ಎರಡೂ ತುಂಡಾದವು. ಆದರೆ ಹಾಗಂತ ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ ಬರುತ್ತದಲ್ಲ. ಐದೂವರೆ ಅಡಿ ಆಳದಲ್ಲಿ ಇರಬೇಕಾದ ಕೇಬಲ್ಲು ಎರಡಡಿ ಗುಣಿಗೆ ಹೇಗೆ ಸಿಕ್ಕಿತು?

ಸಿಗದೆ ಏನು! ಇಡೀ ದಾರಿಯಲ್ಲಿ ಒಂದೂವರೆ ಅಡಿಗಿಂತ ಹೆಚ್ಚು ತೋಡಿಯೇ ಇರಲಿಲ್ಲ. ಇನ್ನೂರು ಮೀಟರಿಗೊಂದು ಕಡೆ ಮಾತ್ರ ಆಳು ಮುಳುಗುವಂಥ ಗುಂಡಿ. ಕೂಲಿಯವರು ಅದನ್ನು ಫೋಟೋ ಗುಂಡಿ ಅನ್ನುತ್ತಿದ್ದರು. ಅಂಕಯ್ಯ ಅದರಲ್ಲಿ ಇಳಿದು ಟೇಪು ಹಿಡಿದು ನಿಲ್ಲುವುದು, ನರೇಂದ್ರ ಮೊಬೈಲಿನಲ್ಲಿ ಹೊಡೆದು ಕಂಪನಿಗೆ ಕಳಿಸುವುದು. ಸುಳ್ಳೇಕೆ, ಆಗ ಅಂಕಯ್ಯನಿಗೂ ಖುಷಿಯೇ ಆಗಿತ್ತು. ಮಾಗಡಿ ಕಡೆಯ ಕಲ್ಲು ನೆಲದಲ್ಲಿ ಇನ್ನೊಬ್ಬ ಕಂಟ್ರಾಕ್ಟರಿಗೆ ಐದೂವರೆ ಅಡಿ ತೋಡಿ ತೋಡಿ ಅವನ ಸೊಂಟ ಬಿದ್ದುಹೋಗಿತ್ತು. ಒಂದೂವರೆ ಸಾಕು ಅಂದಾಗ "ದೊಡ್ಡ ಮನ್ಸು ಸಾರ್ ನಿಮ್ದು" ಅಂತ ಕೈ ಬೇರೆ ಮುಗಿದಿದ್ದ ಬೆಪ್ಪ.

ಮನೆಗೆ ಹೋಗುವ ದಾರಿಯಲ್ಲೇ ಮರಿಯಪ್ಪನವರ ಮನೆ. ಅಂಕಯ್ಯ ಗೇಟಿನ ಹತ್ತಿರ ನಿಂತ.

"ಬುದ್ದಿ, ಕಂಬದ ಗುಣಿಲಿ ತುಂಡಾಯ್ತು ಅಂತ ಒಂದೇ ಒಂದು ಮಾತು ಹೇಳ್ಬುಡಿ. ನಿಮ್ ಕಾಲಿಗೆ ಬೀಳ್ತೀನಿ."

ಮರಿಯಪ್ಪನವರು ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು. "ಅಲ್ಲೇ ನಿಂತ್ಕೊ, ಒಳೀಕ್ ಬರ್ಬೇಡ. ರಸ್ತೆ ಜಾಗ ಒತ್ಕಂಡಿವ್ನಿ ಅಂತ ನನ್ ಬಾಯಿಂದ್ಲೇ ಹೇಳಿಸ್ಬೇಕು ಅಂತೀಯೇನ್ಲಾ? ನಮ್ಮಪ್ಪನ ಕಾಲ್ದಲ್ಲಿ ನಿಮ್ಮಪ್ಪ ಈ ಗೇಟ್‌ತಾವ ನಿಂತು ಮಾತಾಡ್ತಿರ್ಲಿಲ್ಲ. ಸರ್ಕಾರ ನಿಮ್ಮುನ್ನ ಕೆಡಿಸ್ಬುಡ್ತು. ಹೋಗು, ಹೋಗು."

ಎಲೆ ಬಾಯಿಗೆ ಹೋಯಿತು, ಮಾತು ಮುಗಿಯಿತು.

ಮನೆಯಲ್ಲಿ ಮಾರಮ್ಮ ಅವನ ಕೆನ್ನೆ ನೋಡಿದಳು. ಮುದ್ದೆ ಮುಂದಿಟ್ಟಳು. ಅವಳೂ ಅದೇ ಕೆಲಸದಲ್ಲಿ ಬಾಂಡ್ಲಿ ಹೊತ್ತವಳು, ಅವಳಿಗೇನು ಹೇಳುವುದು.

"ಸೈನ್ ಆಕ್ಬುಡ್ತೀನಿ ಕಣಮ್ಮಿ. ಸುಸ್ತಾಗೈತೆ."

"ಸುಸ್ತಾಗೈತೆ ಅಂತ ಕಳ್ಳ ಆಗ್ಬುಡ್ತೀಯ?" ಮಾರಮ್ಮನಿಗೆ ಸಿಟ್ಟು ಬಂತು. "ನಾಳಿಕ್ಕೆ ಊರಲ್ಲಿ ಒಂದು ಕೋಳಿ ಕಳ್ದೋದ್ರೂ ಬೂಟಾಕ್ಕಂಡು ನಮ್ ಕಾಲನಿಗೇ ಬತ್ತಾರೆ. ಅಂಕಯ್ಯನೇ ಒಪ್ಕಂಡವ್ನಲ್ಲ ಅಂತಾರೆ. ಆಮ್ಯಾಕೆ ಯಾರ್ ಬಾಯಿ ಮುಚ್ತೀಯ?"

ಅಂಕಯ್ಯ ತುತ್ತು ನುಂಗಿದ. ಕೆನ್ನೆ ನೋಯುತ್ತಿದ್ದುದರಿಂದ ನುಂಗುವುದೂ ಒಂದು ಕೆಲಸವಾಗಿತ್ತು.

ಬೆಳಿಗ್ಗೆ ಅಂಕಯ್ಯ ಹೋದಾಗ ಮರಿಯಪ್ಪನವರ ಬೇಲಿಯ ಹತ್ತಿರ, ಮೊನ್ನೆ ಕೇಬಲ್ ಜೋಡಿಸಿದ ಜಾಗದಲ್ಲಿ, ಸಮೀವುಲ್ಲಾ ಲೈನು ಪರೀಕ್ಷೆಯ ಮಿಷಿನ್ನು ಮುಂದಿಟ್ಟುಕೊಂಡು ಕೂತಿದ್ದ. ಗಾಜಿನ ಎಳೆಗಳನ್ನು ಕರಗಿಸಿ ಕೂಡಿಸುವವನು ಅವನೇ. ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಬಣ್ಣದ ಸಾಲು ತಪ್ಪದೆ ಎಳೆಗಳನ್ನು ಒರೆಸಿಕೊಡುವುದನ್ನು ಅಂಕಯ್ಯನಿಗೆ ಕಲಿಸಿದವನೂ ಅವನೇ.

"ಎಲ್ಲಿ ತುಂಡಾಗಿತ್ತು ಅಂತ ನಿಂಗೊತ್ತು ಸಮೀ. ಒಂದು ಮಾತು ಹೇಳಪ್ಪ."

ಸಮೀವುಲ್ಲಾ ತಲೆ ಎತ್ತಲಿಲ್ಲ. "ಮಿಷಿನ್ನು ಕಂಟ್ರಾಕ್ಟರದು ಅಣ್ಣ. ನನ್ನ ಹೊಟ್ಟೆನೂ ಅವರ ಕೈಲೇ ಐತೆ." ಮಿಷಿನ್ನಿನ ಪರದೆ ಒರೆಸುತ್ತ ಮೆಲ್ಲಗೆ ಅಂದ, "ನಾನು ಹೇಳ್ದಿದ್ರೂ ಬೆಳಕು ಹೇಳ್ತದೆ. ಕಣ್ಣಿಗೆ ಕಾಣದ ಬೆಳಕು ಎರಡು ಥರದ್ದು ಬಿಟ್ಟು ನೋಡ್ತೀವಿ. ಸಾವಿರದ ಮುನ್ನೂರ ಹತ್ತು ಅಂತ ಒಂದು, ಸಾವಿರದ ಐನೂರೈವತ್ತು ಅಂತ ಒಂದು. ಎರಡನೇದು ಬಹಳ ದೂರ ಹೋಗ್ತದೆ, ಆದ್ರೆ ನಾಜೂಕು. ತಂತಿ ಎಲ್ಲಾದ್ರೂ ಬಾಗಿದ್ರೆ ಅಲ್ಲೇ ಸೋರೋಗ್ತದೆ. ಮೇಡಂ ಓದಿದೋರು, ನೋಡಿದ್ರೆ ಗೊತ್ತಾಗ್ತದೆ."

ಹನ್ನೊಂದರ ಹೊತ್ತಿಗೆ ಮಾರಮ್ಮನೂ ಬಂದು ರಸ್ತೆ ಪಕ್ಕ ನಿಂತಳು. ಅಷ್ಟರಲ್ಲಿ ಕಾರು ಬಂತು. ಇಂಜಿನಿಯರ್ ಪದ್ಮಶ್ರೀ ಮೇಡಂ ಇಳಿದರು, ಹಿಂದೆಯೇ ಜೀಪಿನಲ್ಲಿ ಎಸ್ಸೈ ಸಾಹೇಬರು. ಸಾಹೇಬರ ಕೈಯಲ್ಲಿ ಬರೆದು ಸಿದ್ಧವಾಗಿದ್ದ ಕಾಗದ. ನರೇಂದ್ರ ಬೇಲಿಯ ಪಕ್ಕದಲ್ಲೇ ಬೇರೆ ಆಳುಗಳಿಂದ ಮುಂಜಾನೆಯೇ ಒಂದು ಫೋಟೋ ಗುಂಡಿ ತೋಡಿಸಿ, ಪೈಪನ್ನು ತಳಕ್ಕೆ ಜಗ್ಗಿ ಇಳಿಸಿಟ್ಟಿದ್ದ. ಅಂಕಯ್ಯನ ಕೈಗೆ ಟೇಪು ಕೊಟ್ಟು "ಇಳಿಯೋ" ಅಂದ. ಅಭ್ಯಾಸ ಅನ್ನುವುದು ಕೆಟ್ಟದ್ದು ನೋಡಿ, ಅಂಕಯ್ಯ ಇಳಿದ.

ಮೇಡಂ ಮಿಷಿನ್ನಿನ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಸಾವಿರದ ಮುನ್ನೂರ ಹತ್ತರಲ್ಲಿ ಸರಿ ಇದೆ. ಸಾವಿರದ ಐನೂರೈವತ್ತರಲ್ಲಿ ಜಾಗ ಜಾಗಕ್ಕೂ ಸೋರ್ತಿದೆ. ಕೇಬಲ್ ಬಾಗಿದೆ. ಐದೂವರೆ ಅಡಿ ಕೆಳಗೆ ನೇರವಾಗಿ ಮಲಗಿರೋ ಕೇಬಲ್ ಅಷ್ಟು ಕಡೆ ಹೇಗೆ ಬಾಗುತ್ತೆ ನರೇಂದ್ರ?"

"ಕಳ್ಳ ಎಳೆದಾಡಿದಾನಲ್ಲ ಮೇಡಂ. ಇವನೇ ನೋಡಿ. ಒಪ್ಕೊಂಡಿದಾನೆ."

ಸಾಹೇಬರು ಗುಂಡಿಯ ಅಂಚಿಗೆ ಬಂದು ಕಾಗದ, ಪೆನ್ನು ಕೆಳಕ್ಕೆ ಚಾಚಿದರು. ಗುಂಡಿಯೊಳಗೆ ನಿಂತ ಅಂಕಯ್ಯನ ಕಣ್ಣಿಗೆ ಬೂಟು ಮಾತ್ರ ಕಾಣುತ್ತಿತ್ತು. ಥತ್, ಇಷ್ಟು ಕಾಲ ಈ ಗುಂಡಿಯಲ್ಲಿ ನಿಂತು ನಿಂತು ನಾನೇ ಸುಳ್ಳು ಸಾಕ್ಷಿ ಹೇಳಿದೆನಲ್ಲ ಅಂತ ತನ್ನ ಮೇಲೇ ಹೇಸಿಗೆಯಾಯಿತು.

ಅವನು ಕಾಗದ ಮುಟ್ಟಲಿಲ್ಲ. ಅಂಚಿಗೆ ಎರಡೂ ಕೈ ಊರಿ, ಏದುಸಿರು ಬಿಡುತ್ತ ಮೇಲೆ ಹತ್ತಿದ. ಕೇಬಲ್ಲಿನ ದಾರಿ ಹಿಡಿದು ಹತ್ತು ಹೆಜ್ಜೆ ನಡೆದು, ಮಂಡಿಯೂರಿ ಕೂತು ಕೈಯಲ್ಲೇ ಮಣ್ಣು ಕೆದರಲು ಶುರು ಮಾಡಿದ. ಪಿಕಾಸಿ ಹಾಕಿದರೆ ಪೈಪಿಗೇ ಬೀಳುತ್ತದೆ ಅಂತ ಅವನಿಗಲ್ಲದೆ ಇನ್ಯಾರಿಗೆ ಗೊತ್ತು. ಮುಚ್ಚಿ ತಿಂಗಳೂ ಆಗದ ಮಣ್ಣು, ಪುಡಿಪುಡಿಯಾಗಿ ಬಂತು.

"ಏಯ್, ಏನ್ ಮಾಡ್ತಿದೀಯಲಾ ಸೂಳೇಮಗನೆ!" ನರೇಂದ್ರ ಓಡಿಬಂದು ಅವನ ಸೊಂಟದಲ್ಲಿದ್ದ ಟೇಪು ಕಿತ್ತುಕೊಂಡ.

ಕಿತ್ತಳೆ ಬಣ್ಣದ ಪೈಪು ಕಂಡಿತು. ಅಂಕಯ್ಯ ಬೆರಳ ತುದಿಯನ್ನು ಪೈಪಿನ ಮೇಲಿಟ್ಟು ತೋಳನ್ನು ನೆಟ್ಟಗೆ ನಿಲ್ಲಿಸಿದ. ನೆಲ ಮೊಣಕೈಗೆ ಬಂತು.

"ಒಂದು ಮೊಳ ಮೇಡಮ್ನೋರೆ. ಕಮ್ಮಿ ತೋಡ್ದೋನು ನಾನೇ, ತೋಡ್ಸಿದ್ದು ಇವ್ರು. ಅದುಕ್ಕೆ ಬೇಕಾದ್ರೆ ಒಳ್ಗಾಕಿ, ಓಯ್ತೀನಿ. ಕಳ್ಳ ಅಂತ ಮಾತ್ರ ಸೈನ್ ಆಕಾಕಿಲ್ಲ."

"ಅಲ್ಲೊಂದು ಕಡೆ ಬಂಡೆ ಸಿಕ್ಕಿತ್ತು ಮೇಡಂ, ಅದಕ್ಕೆ ಮೇಲೆ ಬಂದಿದೆ," ಅಂದ ನರೇಂದ್ರ.

ಮೇಡಂ ಪೈಪು ನೋಡಿದರು, ನರೇಂದ್ರನ ಮುಖ ನೋಡಿದರು, ಗಡಿಯಾರ ನೋಡಿಕೊಂಡರು. "ನಾನು ಲೈನ್ ಟೆಸ್ಟ್ ಮಾಡೋಕೆ ಬಂದಿರೋದು. ಆಳ ನೋಡೋರು ಬೇರೆ ಇದಾರೆ," ಅಂದರು.

ಅಂಕಯ್ಯ ಎದ್ದ. ಇನ್ನು ಹತ್ತು ಹೆಜ್ಜೆ ನಡೆದು ಮತ್ತೆ ಮಂಡಿಯೂರಿದ. ಅವನಿಂದ ಒಂದಷ್ಟು ಮುಂದೆ ಮಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಕೂತಿದ್ದಳು, ಅವಳ ಕೈಯೂ ಮಣ್ಣಿಗೆ ಹೋಗಿತ್ತು. ಸಾಹೇಬರು ಬಂದು ಅಂಕಯ್ಯನ ಕಾಲರು ಹಿಡಿದು ಜಗ್ಗಿದರು. ಅಂಗಿ ಬೆನ್ನ ಮೇಲೆ ಪರ್ರನೆ ಹರಿಯಿತು. ಅವನು ಕೈ ನಿಲ್ಲಿಸಲಿಲ್ಲ. ಉಗುರು ಕಿತ್ತು ರಕ್ತ ಮಣ್ಣಿಗೆ ಹತ್ತುತ್ತಿತ್ತು.

ಪೈಪು ಸಿಕ್ಕಿತು. ಮೊಣಕೈ ಮಟ್ಟ. ಅಂಕಯ್ಯ ಎದ್ದು, ಮುಂದಿನ ಹತ್ತು ಹೆಜ್ಜೆ ಎಣಿಸತೊಡಗಿದ. ಬಿಡದಿಯವರೆಗೆ ಇನ್ನೂ ಏಳು ಕಿಲೋಮೀಟರ್ ಇತ್ತು.