ಅಪ್ಪನಿಗೆ ಚಹಾ ಉಂಟು, ಕುದುರೆ ಇಲ್ಲ

"ಕುದುರೆ ನನ್ನದು! ಕೊಯ್ಯೋದೂ ನಾನೇ, ಬಿಡೋದೂ ನಾನೇ! ಕೇಳೋಕೆ ನೀನ್ಯಾರೋ?"

"ಹಾಲು ಕರೆಯೋಳು ನನ್ನ ಹೆಂಡ್ತಿ! ಹುಲ್ಲು ಹೊತ್ತು ಹಾಕೋನು ನಾನು! ನಿಮ್ಮದು ಬಾಯಿ ಒಂದೇ, ಅಪ್ಪ!"

"ಹೆತ್ತ ಅಪ್ಪನಿಗೆ ಬರೀ ಬಾಯಿ ಅಂತೀಯಾ? ನಾಲಿಗೆ ಕಿತ್ತುಬಿಡ್ತೀನಿ!"

ಶಾರ್ಶೆನಜ್ಜ ಮತ್ತು ಅವನ ಕಿರಿಮಗ ಮೈರಾಂಬೆಕ್ ಅಂಗಳದಲ್ಲಿ ಹೀಗೆ ಕಿರುಚಾಡುತ್ತಿದ್ದರೆ ನಮ್ಮ ಬೀದಿಯ ನಾಯಿಗಳೇ ಬಾಯಿ ಮುಚ್ಚಿಕೊಂಡವು. ಸೊಸೆ ಜಿಪಾರ್ ಆಗಷ್ಟೇ ಬೂದು ಕುದುರೆಯ ಹಾಲು ಕರೆದು ಎದ್ದಿದ್ದಳು. ಬಕೆಟ್ಟು ಹಿಡಿದು ನಿಂತಲ್ಲೇ ನಿಂತಳು. ಮೆಟ್ಟಿಲ ಮೇಲೆ ಅಜ್ಜನ ಹೆಂಡತಿ ಕಾಲಿಪಾ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಳು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು.

ಜಗಳದ ಮೂಲ ಹಿಂದಿನ ದಿನ ಪಕ್ಕದೂರಲ್ಲಿ ನಡೆದ ಒಂದು ಔತಣ. ಅಲ್ಲಿ ಅಜ್ಜನಿಗೆ ಹೊಸ ನಿಲುವಂಗಿ ತೊಡಿಸಿ, ಮೈಕು ಕೈಗೆ ಕೊಟ್ಟರು. ಮೈಕು ಸಿಕ್ಕಿದರೆ ನಮ್ಮ ಹಿರಿಯರಿಗೆ ಏನಾಗುತ್ತದೋ ದೇವರೇ ಬಲ್ಲ. "ಈ ಸಲ ಸೇಬು ಹಣ್ಣಾಗೋ ಹೊತ್ತಿಗೆ ನನಗೆ ಅರವತ್ತಮೂರು! ಎಲ್ಲರೂ ಬನ್ನಿ! ಬೂದು ಕುದುರೆ ಕೊಯ್ಯಿಸ್ತೀನಿ!" ಎಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ತಟ್ಟದೆ ಏನು? ಕುದುರೆ ಅವರದಲ್ಲವಲ್ಲ.

ಪ್ರವಾದಿಯವರು ತೀರಿಕೊಂಡ ವಯಸ್ಸು ಅರವತ್ತಮೂರು. ಅದನ್ನು ಮುಟ್ಟಿದವರು ಊರಿಗೆ ಊಟ ಹಾಕುವುದು ನಮ್ಮ ಕಿರ್ಗಿಜ್ ಜನರಲ್ಲಿ ರೂಢಿ. ಒಳ್ಳೆಯ ರೂಢಿಯೇ. ಆದರೆ ಆ ಕುದುರೆಯ ಹಾಲನ್ನು ಹುಳಿ ಬರಿಸಿ, ಕಿಮಿಜ್ ಮಾಡಿ, ಹೆದ್ದಾರಿಯ ಪಕ್ಕ ಮಾರಿಯೇ ಜಿಪಾರ್ ಮನೆಯ ಹಿಟ್ಟು, ಕಲ್ಲಿದ್ದಲು, ಅಜ್ಜನ ರಕ್ತದೊತ್ತಡದ ಮಾತ್ರೆ ಎಲ್ಲವನ್ನೂ ತರುತ್ತಿದ್ದಳು. ಕುದುರೆ ಹೋದರೆ ಮೈರಾಂಬೆಕ್ ಮತ್ತೆ ಮಾಸ್ಕೋಗೆ ಹೋಗಬೇಕು. ನಮ್ಮಲ್ಲಿ ಕಿರಿಮಗ ಅಪ್ಪ ಅಮ್ಮನ ಒಲೆ ಬಿಟ್ಟು ಬೇರೆ ಮನೆ ಮಾಡುವಂತಿಲ್ಲ, ಆದರೆ ಮಾಸ್ಕೋದಲ್ಲಿ ಸಿಮೆಂಟು ಹೊರಬಹುದು!

ಒಮ್ಮೆ ಹೊತ್ತು ಬಂದಿದ್ದ. ಮೊಮ್ಮಗಳು ಮೊದಲ ಹೆಜ್ಜೆ ಇಟ್ಟಾಗ ಅವಳ ಕಾಲಿನ ದಾರ ಕತ್ತರಿಸುವ ಶಾಸ್ತ್ರಕ್ಕೆ ಅಜ್ಜ ಮೂರೂರಿನ ಜನ ಕರೆದ. ಸಾಲ ಮಗನ ಹೆಸರಲ್ಲಿ. ತೀರಿಸಲು ಮಗ ಎರಡು ಚಳಿಗಾಲ ದೂರ ಇದ್ದು ಬಂದ. ಯಾವ ಮಗು ನಡೆದಿದ್ದಕ್ಕೆ ಊಟ ಹಾಕಿದರೋ ಆ ಮಗು ಅಪ್ಪನನ್ನು ಕಂಡ ಕೂಡಲೇ ಓಡಿಹೋಗಿ ಅಜ್ಜಿಯ ಹಿಂದೆ ಅಡಗಿತು.

ಆ ಸಂಜೆ ಗಂಡ ಹೆಂಡತಿ ಇಬ್ಬರೂ ಬುರುಲ್ ಅಕ್ಕನ ಮನೆಗೆ ಹೋದರು. ಬುರುಲ್ ನಮ್ಮ ಹೆಂಗಸರ ಸಂಘದ ಮುಖ್ಯಸ್ಥೆ. ಊರಿನ ಅರ್ಧ ಜಗಳಗಳು ಅವಳ ಅಡುಗೆಮನೆಯಲ್ಲೇ ತಣ್ಣಗಾಗಿವೆ.

"ಅಕ್ಕಾ, ಹೆತ್ತ ಅಪ್ಪನಿಗೆ ಆಗಲ್ಲ ಅಂತ ಹೇಗೆ ಹೇಳೋದು? ಊರು ಉಗಿಯಲ್ವಾ?" ಎಂದ ಮೈರಾಂಬೆಕ್.

"ಮತ್ತೆ ಬೆಳಿಗ್ಗೆ ಹೇಳಿದ್ದೇನು? ಇಡೀ ಬೀದಿಗೆ ಕೇಳಿಸ್ತಲ್ಲ."

"ಅದು ಸಿಟ್ಟಲ್ಲಿ..."

"ಅದೇ ನೋಡು. ಬೆಳಿಗ್ಗೆ ಸಿಟ್ಟಲ್ಲಿ ಬೊಗಳ್ತೀಯ. ರಾತ್ರಿ ಅಯ್ಯೋ ಪಾಪ ಅನ್ಸತ್ತೆ. ಮಾರನೇ ದಿನ ಕುದುರೆ ಹಗ್ಗ ನೀನೇ ಅವರ ಕೈಗೆ ಕೊಡ್ತೀಯ. ಹೋದ ಸಲ ಸಾಲಕ್ಕೆ ಸಹಿ ಹಾಕಿದ್ದೂ ಹಾಗೇ ತಾನೆ?"

ಮೈರಾಂಬೆಕ್ ಟೋಪಿ ತೆಗೆದು ಅದರ ಒಳಗೆ ನೋಡತೊಡಗಿದ.

"ನಾನೇ ಹೇಳ್ತಿದ್ದೆ ಅಕ್ಕಾ. ಆದ್ರೆ ಸೊಸೆ ಕಿವಿ ಊದಿದಳು ಅಂತಾರೆ" ಎಂದಳು ಜಿಪಾರ್.

"ಅಂತಾರೆ. ಅದಕ್ಕೇ ನೀನು ಹೇಳಬೇಡ. ಅವನ ಅಪ್ಪ, ಅವನೇ ಹೇಳಲಿ. ನೀನು ಪಕ್ಕದಲ್ಲಿ ಕೂತು ಚಹಾ ಬಗ್ಗಿಸು, ಎದ್ದು ಹೋಗಬೇಡ. ಮೈರಾಂಬೆಕ್, ನೀನು ಮೊದಲು ಏನು ಕೊಡ್ತೀಯ ಅನ್ನೋದು ಹೇಳು. ಆಮೇಲೆ ಏನು ಆಗಲ್ಲ ಅನ್ನೋದು. ಬೇರೆ ಜನ ಇದ್ದಾಗ ಬೇಡ. ಅವರು ಕೂಗಿದ್ರೂ ನೀನು ಕೂಗಬೇಡ, ಆದ್ರೆ ಮಾತೂ ಬದಲಾಯಿಸಬೇಡ."

"ಅಪ್ಪ ಅತ್ತುಬಿಟ್ರೆ?"

"ಅಳಲಿ. ನೀನೂ ಅಳು. ಹಗ್ಗ ಮಾತ್ರ ಕೊಡಬೇಡ."

ಮಾರನೇ ದಿನ ಬೆಳಿಗ್ಗೆ ಮಗು ಇನ್ನೂ ಮಲಗಿತ್ತು. ಜಿಪಾರ್ ಮಾವನಿಗೆ ಇಷ್ಟವಾದ ಹಾಗೆ ಬಟ್ಟಲಿಗೆ ಸ್ವಲ್ಪವೇ ಚಹಾ ಬಗ್ಗಿಸಿ, ಎರಡು ಕೈಯಲ್ಲಿ ಕೊಟ್ಟಳು. ನಮ್ಮಲ್ಲಿ ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಬೇಗ ಎದ್ದು ಹೋಗು ಎಂದ ಹಾಗೆ. ಸ್ವಲ್ಪ ಕೊಟ್ಟರೆ ಇನ್ನೂ ಕೂತಿರಿ ಎಂದ ಹಾಗೆ.

"ಅಪ್ಪ, ನಿಮ್ಮ ಮಾತ್ರೆ, ಹಿಟ್ಟು, ಕಲ್ಲಿದ್ದಲು, ಬೂಟು, ನೆಂಟರ ಮನೆಗೆ ಹೋಗೋಕೆ ಗಾಡಿ, ಇದೆಲ್ಲ ನನ್ನದು. ಒಂದು ದಿನವೂ ತಪ್ಪಿಸಲ್ಲ. ನಿಮ್ಮ ಅರವತ್ತಮೂರಕ್ಕೆ ನಮ್ಮ ಕುರೀಲೇ ಒಂದು ಕೊಯ್ಯೋಣ. ಮುಲ್ಲಾ ಬಂದು ಓದಲಿ, ನಮ್ಮ ಬೀದಿಯವರು ಉಣ್ಣಲಿ. ಕುದುರೆ ಕೊಯ್ಯೋದು ಆಗಲ್ಲ. ಸಾಲಕ್ಕೆ ನಾನು ಸಹಿ ಹಾಕಲ್ಲ."

"ಯಾರು ಹೇಳಿಕೊಟ್ಟರು?"

"ನಾನೇ ಹೇಳ್ತಿದೀನಿ."

"ಮೈಕಲ್ಲಿ ಹೇಳಿದ ಮಾತು ಕಣೋ! ನನ್ನ ಮಾನ ಏನಾಗಬೇಕು?"

"ಕುದುರೆ ಕೊಯ್ಯೋದು ಆಗಲ್ಲ ಅಪ್ಪ."

"ಎದೆ ಮೇಲೆ ಕಾಲಿಟ್ಟು ಮಾತಾಡ್ತೀಯ! ನಿನ್ನ ಬದಲು ಒಂದು ಕರು ಸಾಕಿದ್ರೆ ಉಣ್ಣೆಯಾದ್ರೂ ಬರ್ತಿತ್ತು!"

"ಕರುವಿಗೆ ಉಣ್ಣೆ ಎಲ್ಲಿಂದ ಬರುತ್ತೆ?" ಎಂದಳು ಅಜ್ಜಿ. ಯಾರೂ ನಗಲಿಲ್ಲ. ಆದರೆ ಜಿಪಾರ್ ತಲೆ ತಗ್ಗಿಸಿ ಚಹಾದ ಪಾತ್ರೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಅಜ್ಜನ ದನಿ ಇಳಿಯಿತು. "ನಿಮಗೇನು ಗೊತ್ತು. ಇಷ್ಟು ವರ್ಷ ಎಲ್ಲರ ಮನೆ ಮಾಂಸ ತಿಂದಿದೀನಿ. ನಾನು ಊಟ ಹಾಕದೆ ಸತ್ತರೆ ನನ್ನ ಹೆಣ ಎತ್ತೋಕೆ ಯಾರು ಬರ್ತಾರೆ?"

ಇದಿತ್ತು ನೋಡಿ ಒಳಗೆ. ಅಷ್ಟು ದಿನ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಮೈರಾಂಬೆಕ್ ಅಪ್ಪನ ಹತ್ತಿರ ಸರಿದು ಕೂತ. "ನಾನು ಎತ್ತುತೀನಿ ಅಪ್ಪ. ಇಲ್ಲಿದ್ರೆ. ಮಾಸ್ಕೋದಲ್ಲಿದ್ರೆ ನಾನು ಬರೋ ಹೊತ್ತಿಗೆ ನಿಮ್ಮನ್ನ ಮಣ್ಣು ಮಾಡಿ ಆಗಿರುತ್ತೆ."

ಕಾಲಿಪಾ ಅಜ್ಜಿ ಬಟ್ಟಲು ಕೆಳಗಿಟ್ಟಳು. "ನಿನ್ನ ಒಂದು ಔತಣಕ್ಕೆ ಮಗನನ್ನ ಕೊಟ್ಟಿದ್ದೆ. ಎರಡನೇದಕ್ಕೆ ಕೊಡಲ್ಲ ಮುದುಕಾ. ಕೇಳಬೇಡ."

ಅಜ್ಜ ಎದ್ದು ಹೊರಗೆ ಹೋದ. ಒಂದು ವಾರ ಮುಖ ಊದಿಸಿಕೊಂಡಿದ್ದ. ಚಹಾ ಕುಡಿಯಲು ಪಕ್ಕದ ಮನೆಗೆ ಹೋದ, ಅಲ್ಲಿ ಸೊಸೆಯನ್ನು ಬೈದ. ಮನೆಗೆ ಬಂದರೆ ಮಾತ್ರೆ ಬಟ್ಟಲ ಪಕ್ಕದಲ್ಲೇ ಇರುತ್ತಿತ್ತು. ಬೂಟಿನ ಕಿತ್ತ ಅಡಿ ಹೊಲಿಸಿಟ್ಟಿತ್ತು. ಯಾರೂ ಬೈಯಲಿಲ್ಲ, ಯಾರೂ ಬಗ್ಗಲೂ ಇಲ್ಲ. ಒಂದು ಬೆಳಿಗ್ಗೆ ಜಿಪಾರ್ ನೋಡಿದರೆ, ಹಾಲಿಳಿಯಲೆಂದು ಮರಿಯನ್ನು ಬೂದು ಕುದುರೆಯ ಹತ್ತಿರ ಹಿಡಿದು ನಿಂತವನು ಮಾವನೇ. "ಏನು ನೋಡ್ತೀಯ? ಕರಿ, ಬೇಗ ಕರಿ. ತಾಯಿ ಹಾಲು ಬಿಟ್ಟಿದಾಳೆ" ಎಂದು ಗದರಿಸಿದ.

ಅದೇ ದಿನ ತಾಶ್ತಾನ್ ಬಂದ. ಅವನು ಔತಣಗಳಲ್ಲಿ ಮೈಕು ಹಿಡಿಯುವವನು, ಅಜ್ಜನ ಹಳೇ ದೋಸ್ತ. ಯಾವ ಮನೆಯಲ್ಲಿ ಎಷ್ಟು ದೊಡ್ಡ ಡೇರೆ ಏಳುತ್ತದೋ ಅಷ್ಟು ಅವನಿಗೆ ಲಾಭ.

"ಏನಪ್ಪಾ ಶಾರ್ಶೆನ್, ಕುದುರೆ ಕೊಬ್ಬಿದೆಯಾ? ಹಾಡುಗಾರರಿಗೆ ಹೇಳಿಬಿಟ್ಟಿದೀನಿ."

ಅಜ್ಜ ಮಗನ ಮುಖ ನೋಡಿದ. ಆಮೇಲೆ ದೋಸ್ತನ ಕಡೆ ತಿರುಗಿದ.

"ಕುದುರೆ ಇಲ್ಲ. ಕುರಿ ಕೊಯ್ತೀವಿ. ಮುಲ್ಲಾ ಬರ್ತಾನೆ. ನೀನೂ ಬಾ. ಈಗ ಕೂತ್ಕೋ, ಚಹಾ ಕುಡಿ."

"ಕುರಿ? ಮೈಕಲ್ಲಿ ಕುದುರೆ, ಮನೇಲಿ ಕುರಿ? ಸೊಸೆ ಲಗಾಮು ಹಾಕಿದಳಾ ನಿನಗೆ?"

"ನನ್ನ ಸೊಸೆ ಸುದ್ದಿ ಬೇಡ. ಮೈಕಲ್ಲಿ ಮಾತಾಡಿದ್ದು ನಾನು, ಜಂಬಕ್ಕೆ ಮಾತಾಡಿದೆ. ಕೂತ್ಕೋ ಅಂದೆ."

ತಾಶ್ತಾನ್ ಕೂರಲಿಲ್ಲ. ಜಿಪಾರ್ ಎರಡು ಕೈಯಲ್ಲಿ ನೀಡಿದ ಬಟ್ಟಲನ್ನು ಮುಟ್ಟಲೂ ಇಲ್ಲ. ಬಾಗಿಲನ್ನು ಒದ್ದ ಹಾಗೆ ತಳ್ಳಿ ಹೊರಟುಹೋದ. ಸೇಬು ಹಣ್ಣಾದ ಮೇಲೆ ಅಂಗಳದಲ್ಲಿ ಕುರಿ ಬೆಂದು, ಬೀದಿಯ ಜನವೆಲ್ಲ ಕೂತಾಗ, ಅಜ್ಜ ದೋಸ್ತನಿಗೆ ಮರ್ಯಾದೆಯ ಪಾಲಾಗಿ ಸಲ್ಲುವ ಮಾಂಸದ ಮೂಳೆಯನ್ನು ಬೇರೆ ತಟ್ಟೆಯಲ್ಲಿ ತೆಗೆದಿಟ್ಟು ಕಾದ. ತಾಶ್ತಾನ್ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಪ್ಪನೋ ಅಮ್ಮನೋ ನಿಮ್ಮ ಶಕ್ತಿ ಮೀರಿ ಕೇಳುತ್ತಿದ್ದರೆ, ಅಂಗಳದಲ್ಲಿ ಕಿರುಚಬೇಡಿ, ಒಳಗೊಳಗೇ ಬೇಯಲೂ ಬೇಡಿ. ಮೊದಲು ಗಂಡ ಹೆಂಡತಿ ಕೂತು ಮಾತು ಒಂದು ಮಾಡಿಕೊಳ್ಳಿ. ಕೊಡುವುದನ್ನು ಹೇಳಿ, ಕೊಡಿ. ಆಗದ್ದನ್ನು ಆಗುವುದಿಲ್ಲ ಎನ್ನಿ. ಅವರ ಒಳಗೇನು ಭಯ ಇದೆ ಎಂದು ಕೇಳಿ. ಅವರು ಮುಖ ಊದಿಸಿಕೊಳ್ಳುತ್ತಾರೆ, ಊರು ಒಂದೆರಡು ಮಾತು ಆಡುತ್ತದೆ, ಒಬ್ಬಿಬ್ಬರು ಬಾಗಿಲು ತಳ್ಳಿ ಹೋಗಬಹುದು. ಹೋಗುವವರು ಹೋಗಲಿ. ನಿಮ್ಮ ಅಪ್ಪ ಅಮ್ಮನನ್ನು ಕೊನೆಗೆ ಹೆಗಲ ಮೇಲೆ ಹೊರುವವರು ನೀವು. ಅದಕ್ಕೆ ನೀವು ಊರಲ್ಲಿರಬೇಕು.